ದೇವೀರಮ್ಮನಿಗೆ ನಾನು ಕೊಟ್ಟ ಇಂಗ್ಲಿಷ್ ಬಿರುದು

ಇಂಗ್ಲಿಷ್ ವಿಷಯದಲ್ಲಿ ನನ್ನನ್ನು ಮೀರಿಸುವವರು ಹಿರೀಸಾವೆಯಿಂದ ಚನ್ನರಾಯಪಟ್ಟಣದವರೆಗೆ ಯಾರೂ ಇಲ್ಲ ಎಂಬುದು ನನ್ನ ದೃಢವಾದ ನಂಬಿಕೆಯಾಗಿತ್ತು. ‘ಆಗಿತ್ತು’ ಎಂಬ ಪದವನ್ನು ದಯವಿಟ್ಟು ಗಮನಿಸಬೇಕು.

ವೃತ್ತಿಯಿಂದ ನಾನು ಸಮಾಜ ವಿಜ್ಞಾನದ ಮೇಷ್ಟ್ರು. ನಮ್ಮೂರಿನ ಶಾಲೆಗೆ ಇಂಗ್ಲಿಷ್ ಮೇಷ್ಟ್ರ ಹುದ್ದೆ ಮಂಜೂರಾಗಿತ್ತು, ಮೇಷ್ಟ್ರು ಮಾತ್ರ ಬರಲಿಲ್ಲ. ಹನ್ನೊಂದು ವರ್ಷ ಕಾದೆವು. ಕಾಯುತ್ತಿದ್ದಷ್ಟು ಕಾಲ ಆ ಪಿರಿಯಡ್ಡನ್ನು ನನ್ನ ತಲೆಗೆ ಕಟ್ಟಿದರು. ಮೊದಮೊದಲು ಮಕ್ಕಳಿಗಿಂತ ಒಂದು ಪಾಠ ಮುಂದೆ ಓದಿಕೊಂಡು ಹೋಗುತ್ತಿದ್ದೆ. ಆಮೇಲೆ ಧೈರ್ಯ ಬಂತು. ಧೈರ್ಯ ಬಂದ ಮೇಲೆ ಓದಿಕೊಂಡು ಹೋಗುವುದನ್ನು ನಿಲ್ಲಿಸಿದೆ!

ನಿವೃತ್ತನಾದ ಮೇಲೆ ಈ ವಿದ್ಯೆ ಇನ್ನೂ ಬೆಳೆಯಿತು. ಅದಕ್ಕೆ ಕಾರಣ ಹಾಸನದ ಒಂದು ಗುಜರಿ ಅಂಗಡಿ. ಪಿಂಚಣಿ ಕೆಲಸಕ್ಕೆಂದು ಹಾಸನಕ್ಕೆ ಹೊರಟಾಗ ನನ್ನ ಹೆಂಡತಿ ಸರೋಜ, ಬರುವಾಗ ಕುಕ್ಕರಿನ ರಬ್ಬರ್ ತನ್ನಿ ಎಂದಿದ್ದಳು. ನಾನು ತಂದದ್ದು ಒಂದು ಪುಸ್ತಕ. ಅದಕ್ಕೆ ರಟ್ಟಿಲ್ಲ, ಬರೆದವರ ಹೆಸರಿನ ಪುಟವೂ ಇಲ್ಲ. ಬಳಕೆ ತಪ್ಪಿದ ಹಳೇ ಇಂಗ್ಲಿಷ್ ಪದಗಳ ಪಟ್ಟಿ ಅದು. ಪ್ರತಿ ಪುಟದ ಎಡಕ್ಕೆ ಪದ, ಬಲಕ್ಕೆ ಅರ್ಥ. ಊಟದ ಪದಗಳು ಒಂದು ಕಡೆ, ಬೈಗುಳದ ಪದಗಳು ಇನ್ನೊಂದು ಕಡೆ ಎಂದು ಅಚ್ಚುಕಟ್ಟಾಗಿ ವಿಂಗಡಿಸಿದ್ದರು.

“ಕುಕ್ಕರಿನ ರಬ್ಬರ್ ಎಲ್ರೀ?” ಎಂದಳು ಸರೋಜ.

“ಅದು ನಾಳೇನೂ ಸಿಗುತ್ತೆ ಕಣೆ. ಈ ಪುಸ್ತಕ ಸಿಗುತ್ತಾ?”

“ಯಾರಿಗೂ ಬೇಡ ಅಂತಾನೇ ಅಲ್ವಾ ಅದು ಗುಜರಿಗೆ ಬಂದಿರೋದು!”

ಆ ದಿನ ಕುಕ್ಕರ್ ಕೂಗಲಿಲ್ಲ, ಸರೋಜ ಕೂಗಿದಳು.

ಆದರೆ ಪುಸ್ತಕ ಮಾತ್ರ ಅದ್ಭುತ! ಊಟ ಮಾಡುವವರ ತಟ್ಟೆಯನ್ನೇ ಆಸೆಯಿಂದ ದಿಟ್ಟಿಸುವುದಕ್ಕೆ ‘ಗ್ರೋಕ್’ ಎಂಬ ಪದವಿತ್ತಂತೆ. ನಾನು ತಿಂಡಿಗೆ ಕುಳಿತಾಗ ನಮ್ಮನೆ ಬೆಕ್ಕು ದಿನಾ ಗ್ರೋಕ್ ಮಾಡುತ್ತಿತ್ತು, ಪಾಪ, ಅದಕ್ಕೆ ಗೊತ್ತಿರಲಿಲ್ಲ. ಕಾಲುವೆ ದಂಡೆಯಲ್ಲಿ ಸುಮ್ಮನೆ ಕುಳಿತು ನೀರು ನೋಡುವವನು ‘ಗಾಂಗೂಜ್ಲರ್’. ನಮ್ಮೂರ ನಾಲೆ ಏರಿಯ ಮೇಲೆ ಸಂಜೆ ಐದಕ್ಕೆ ಹೋದರೆ ಕಡಿಮೆ ಎಂದರೂ ಹದಿನೈದು ಗಾಂಗೂಜ್ಲರುಗಳು ಸಿಗುತ್ತಾರೆ. ಕೆಲಸ ಮಾಡುವಂತೆ ನಟಿಸುತ್ತಾ ಏನೂ ಮಾಡದಿರುವುದಕ್ಕೆ ‘ಫಜಲ್’. ಈ ಒಂದು ಪದವನ್ನು ಸರೋಜ ಚೆನ್ನಾಗಿ ಕಲಿತಳು. ನಾನು ಕೈಯಲ್ಲಿ ಗುದ್ದಲಿ ಹಿಡಿದು ಹಿತ್ತಲಲ್ಲಿ ನಿಂತರೆ ಸಾಕು, ಅಡುಗೆಮನೆ ಕಿಟಕಿಯಿಂದ “ಫಜಲ್ಲಾ?” ಎಂದು ಕೇಳುತ್ತಿದ್ದಳು.

ಪುಸ್ತಕದ ಒಂದು ಪುಟ ಮಾತ್ರ ಮೇಲಿಂದ ಕೆಳಗೆ ಉದ್ದಕ್ಕೆ ಹರಿದಿತ್ತು. ಪದಗಳು ಒಂದು ಪಟ್ಟಿಯಲ್ಲಿ, ಅರ್ಥಗಳು ಇನ್ನೊಂದು ಪಟ್ಟಿಯಲ್ಲಿ. ನಾನೇ ಮೈದಾ ಅಂಟು ಕಾಯಿಸಿ, ಎರಡನ್ನೂ ಒಂದು ಬಿಳಿ ಹಾಳೆಯ ಮೇಲೆ ಜೋಡಿಸಿ ಅಂಟಿಸಿದೆ. ಕನ್ನಡಕ ಎಲ್ಲಿಟ್ಟಿದ್ದೆನೋ ನೆನಪಿರಲಿಲ್ಲ. ಇಷ್ಟು ಸಣ್ಣ ಕೆಲಸಕ್ಕೆ ಕನ್ನಡಕ ಯಾಕೆ ಎಂದುಕೊಂಡೆ.

ಈಗ ದೇವೀರಮ್ಮನ ವಿಷಯಕ್ಕೆ ಬರುತ್ತೇನೆ. ದೇವೀರಮ್ಮ ನಮ್ಮ ಶಾಲೆಯ ಬಿಸಿಯೂಟದ ಅಡುಗೆಯವರು. ಇಪ್ಪತ್ತೆರಡು ವರ್ಷ ಆ ಒಲೆಯ ಮುಂದೆ ನಿಂತವರು. ಅವರ ಸೊಪ್ಪಿನ ಸಾರಿನ ಪರಿಮಳ ಹನ್ನೆರಡೂವರೆಗೆ ತರಗತಿಯ ಒಳಗೆ ಬಂದರೆ ಮೊಘಲ್ ಸಾಮ್ರಾಜ್ಯದ ಪತನವನ್ನು ಅಲ್ಲಿಗೇ ನಿಲ್ಲಿಸಬೇಕಾಗುತ್ತಿತ್ತು. ಮಕ್ಕಳಿಗೆ ಬಡಿಸುವ ಮೊದಲು ಮೇಷ್ಟ್ರೊಬ್ಬರು ರುಚಿ ನೋಡಿ ರಿಜಿಸ್ಟರಿನಲ್ಲಿ ಬರೆಯಬೇಕೆಂಬ ನಿಯಮವಿದೆ. ಆ ಜವಾಬ್ದಾರಿಯನ್ನು ನಾನೇ ಕೇಳಿ ಪಡೆದಿದ್ದೆ. ಒಂದು ತುತ್ತಿನಲ್ಲಿ ರುಚಿ ತಿಳಿಯುವುದಿಲ್ಲ ಎಂದು ಒಂದು ತಟ್ಟೆ. ಒಂದು ತಟ್ಟೆಯ ಮೇಲೆ ತೀರ್ಪು ಕೊಡುವುದು ಅನ್ಯಾಯ ಎಂದು ಎರಡನೇ ತಟ್ಟೆ. ಕರ್ತವ್ಯ ಎಂದರೆ ಕರ್ತವ್ಯ!

ದೇವೀರಮ್ಮ ಬಹಳ ನಿಯತ್ತಿನ ಹೆಂಗಸು. ಒಮ್ಮೆ ಯಾರೋ ಹೆಸರಿಲ್ಲದ ಅರ್ಜಿ ಹಾಕಿದ್ದರು, ಅಡುಗೆಯವಳು ಮಕ್ಕಳ ಅಕ್ಕಿಯನ್ನು ಮನೆಗೆ ಒಯ್ಯುತ್ತಾಳೆ ಎಂದು. ಅಧಿಕಾರಿಗಳು ಬಂದು ಮೂಟೆ ತೂಗಿದರು, ಅವರ ಮನೆಯ ಮಡಕೆಗಳನ್ನೂ ನೋಡಿದರು. ಒಂದು ಹಿಡಿಯೂ ಹೆಚ್ಚು ಕಡಿಮೆ ಇರಲಿಲ್ಲ. ಅವತ್ತು ದೇವೀರಮ್ಮ ಯಾರ ಜೊತೆಗೂ ಮಾತಾಡದೆ ಅಡುಗೆ ಮಾಡಿ ಬಡಿಸಿ ಹೋದರು. ಅರುವತ್ತು ತುಂಬಿ ಕೆಲಸದಿಂದ ಇಳಿಯುವಾಗ ಅವರಿಗಿದ್ದ ಆಸೆ ಒಂದೇ. ಸೊಸೆಯ ಜೊತೆ ಸೇರಿ ನಾಮಕರಣ, ಸೀಮಂತ ಇಂಥ ಸಣ್ಣಪುಟ್ಟ ಕಾರ್ಯಗಳಿಗೆ ಅಡುಗೆ ಒಪ್ಪಿಕೊಳ್ಳಬೇಕು. ಅದಕ್ಕೆ ಬೇಕಾಗಿದ್ದದ್ದು ಒಳ್ಳೆಯ ಹೆಸರು. ಅದು ಅವರಲ್ಲಿತ್ತು.

ನಾನು ಮಧ್ಯೆ ಬರುವವರೆಗೆ!

ಹಳೇ ವಿದ್ಯಾರ್ಥಿಗಳು ಸೇರಿ ದೇವೀರಮ್ಮನಿಗೆ ಸನ್ಮಾನ ಇಟ್ಟುಕೊಂಡರು. ಸನ್ಮಾನ ಎಂದ ಮೇಲೆ ಶಾಲು, ಹಾರ, ಫಲತಾಂಬೂಲ ಇದ್ದೇ ಇರುತ್ತದೆ. ಜೊತೆಗೊಂದು ಬಿರುದು ಬೇಡವೇ? ಸಭೆಯಲ್ಲಿ ‘ಅನ್ನಪೂರ್ಣೆ’ ಎಂದರು ಒಬ್ಬರು. ಆ ಬಿರುದನ್ನು ಹೋದ ವರ್ಷವೇ ಪಕ್ಕದೂರಿನವರು ಯಾರಿಗೋ ಕೊಟ್ಟುಬಿಟ್ಟಿದ್ದರಂತೆ. ಆಗ ಹೆಡ್ ಮೇಷ್ಟ್ರು ನನ್ನ ಕಡೆ ತಿರುಗಿದರು.

“ಸಾರ್, ಒಂದು ಹೊಸಾ ತರದ್ದು, ಇಂಗ್ಲಿಷಿನಲ್ಲಿ ಕೊಡಿ. ಯಾರೂ ಯಾರಿಗೂ ಕೊಟ್ಟಿರಬಾರದು.”

ನಾನು ಕಣ್ಣು ಮುಚ್ಚಿ ಒಂದು ನಿಮಿಷ ಯೋಚಿಸಿದಂತೆ ಕುಳಿತೆ. ಯೋಚಿಸುವುದೇನೂ ಇರಲಿಲ್ಲ. ಊಟದ ಪದಗಳ ಪುಟ, ಅಂದರೆ ನಾನೇ ಅಂಟಿಸಿದ ಪುಟ, ನನಗೆ ಬಾಯಿಪಾಠವಾಗಿತ್ತು. “ಬ್ಯಾರಥ್ರಂ” ಎಂದೆ. “ಹಳೇ ಕಾಲದ ಅರಮನೆಯಲ್ಲಿ ಅನ್ನದ ಭಂಡಾರ ಕಾಯುತ್ತಾ ಎಲ್ಲರಿಗೂ ಹಂಚುತ್ತಿದ್ದ ಗೌರವಾನ್ವಿತ ಅಧಿಕಾರಿ.”

ಎಲ್ಲರೂ ಒಮ್ಮೆಲೇ ಒಪ್ಪಿದರು. ಬ್ಯಾರಥ್ರಂ! ಆ ಪದಕ್ಕೇ ಒಂದು ಕಿರೀಟ ಇದ್ದಂತಿತ್ತು. ಯಾರೂ ಮೊಬೈಲ್ ತೆಗೆದು ನೋಡಲಿಲ್ಲ. ಅಲ್ಲಿದ್ದವರೆಲ್ಲ ನನ್ನ ಶಿಷ್ಯರೇ. ಮೇಷ್ಟ್ರು ಹೇಳಿದ ಅರ್ಥವನ್ನು ಮೇಷ್ಟ್ರ ಎದುರಿಗೇ ಪರೀಕ್ಷಿಸಿ ನೋಡುವ ಪದ್ಧತಿ ನಮ್ಮ ಕಡೆ ಇಲ್ಲ. ಇದ್ದಿದ್ದರೆ ಎಷ್ಟು ಚೆನ್ನಾಗಿತ್ತು!

ಚನ್ನರಾಯಪಟ್ಟಣದಲ್ಲಿ ಫ್ಲೆಕ್ಸ್ ಮಾಡಿಸಿದೆವು. ಸನ್ಮಾನ ಪತ್ರಕ್ಕೆ ಕಟ್ಟು ಹಾಕಿಸಿದೆವು. ಅಷ್ಟಕ್ಕೇ ನಿಲ್ಲಿಸಿದ್ದರೆ ಈ ಬರಹದ ಅಗತ್ಯವೇ ಬೀಳುತ್ತಿರಲಿಲ್ಲ. ಬಂದವರಿಗೆ ನೆನಪಿಗೆ ಏನಾದರೂ ಕೊಡಬೇಕಲ್ಲ, ಮನೆಗೊಂದು ಸ್ಟೀಲ್ ಲೋಟ ಎಂದು ತೀರ್ಮಾನವಾಯಿತು. ಸ್ಟೀಲ್ ಪಾತ್ರೆ ಎಂದ ಮೇಲೆ ಹೆಸರು ಕೊರೆಸದೆ ಕೊಡುವವರು ನಮ್ಮಲ್ಲಿ ಯಾರು? ಪಾತ್ರೆ ಅಂಗಡಿಯವರು ಮಿಷನ್ ಹಿಡಿದು ಜುಂಯ್ ಎಂದು ಕೊರೆಯುತ್ತಾ ಹೋದರು. ‘ಬ್ಯಾರಥ್ರಂ ದೇವೀರಮ್ಮ.’ ನೂರ ಎಂಬತ್ತು ಲೋಟಗಳು. ನಾನು ಪಕ್ಕದಲ್ಲಿ ಸ್ಟೂಲ್ ಹಾಕಿಕೊಂಡು ಕುಳಿತು, ಒಂದಕ್ಷರವೂ ತಪ್ಪದಂತೆ ಪ್ರತಿಯೊಂದನ್ನೂ ತಪಾಸಣೆ ಮಾಡಿದೆ.

ಸಮಾರಂಭ ಬಹಳ ಚೆನ್ನಾಗಿ ನಡೆಯಿತು. ದೇವೀರಮ್ಮ ಹೊಸ ಸೀರೆಯಲ್ಲಿ ಕುರ್ಚಿಯ ತುದಿಯಲ್ಲಿ ಕುಳಿತಿದ್ದರು. ನಾನು ಮೈಕಿನಲ್ಲಿ ಮೂರು ಸಲ ಬಿರುದನ್ನು ಕೂಗಿದೆ. ಮೂರು ಸಲವೂ ಚಪ್ಪಾಳೆ. ಹೆಂಗಸರಿಗೆ ಅರಿಶಿನ ಕುಂಕುಮದ ಜೊತೆ ಲೋಟ ಕೊಟ್ಟರು. ಮನೆಗೆ ಬಂದು ಫೋಟೋಗಳನ್ನು ನನ್ನ ವಾಟ್ಸಾಪಿನಲ್ಲಿ ಎಲ್ಲರಿಗೂ ಕಳಿಸಿ, ಹೆಮ್ಮೆಯಿಂದ ಮಲಗಿದೆ.

ಬೆಳಿಗ್ಗೆ ಆರಕ್ಕೆ ಅರಕಲಗೂಡಿನಿಂದ ಫೋನು. ಸರೋಜಳ ತಮ್ಮ ಶಿವು. ಅವನು ಅಲ್ಲಿ ಕಾಲೇಜಿನಲ್ಲಿ ಇಂಗ್ಲಿಷ್ ಲೆಕ್ಚರರ್. ನನ್ನ ಇಂಗ್ಲಿಷಿನ ಬಗ್ಗೆ ಅವನಿಗೆ ಮೊದಲಿಂದಲೂ ಹೊಟ್ಟೆಕಿಚ್ಚು ಎಂದು ನಾನು ತಿಳಿದುಕೊಂಡಿದ್ದೆ.

“ಭಾವ, ಆ ಪದ ಎಲ್ಲಿ ಸಿಕ್ತು ನಿಮಗೆ?”

“ಚೆನ್ನಾಗಿದೆ ಅಲ್ವಾ? ನಿಮ್ಮ ಕಾಲೇಜಿನವರಿಗೆ ಗೊತ್ತಿರಲ್ಲ ಬಿಡು.”

“ಭಾವ, ಬ್ಯಾರಥ್ರಂ ಅಂದ್ರೆ ಮೂಲದಲ್ಲಿ ತಳವಿಲ್ಲದ ಗುಂಡಿ. ಮನುಷ್ಯರಿಗೆ ಅಂದ್ರೆ ಹೊಟ್ಟೆಬಾಕ ಅಂತ ಅರ್ಥ. ಎಷ್ಟು ನುಂಗಿದ್ರೂ ಸಾಲದವನು.”

“ನಿನ್ನ ಡಿಕ್ಷನರಿ ಸರಿಯಿಲ್ಲ” ಎಂದು ಫೋನ್ ಇಟ್ಟೆ.

ಅವನು ಮೂರು ಡಿಕ್ಷನರಿಗಳ ಫೋಟೋ ಕಳಿಸಿದ. ಮೂರೂ ಸರಿಯಿಲ್ಲ ಎಂದು ಉತ್ತರ ಕೊಟ್ಟೆ. ಆದರೂ ಒಳಗೊಳಗೇ ಒಂದು ಅಳುಕು. ಎದ್ದು ಕನ್ನಡಕ ಹುಡುಕಿ ಹಾಕಿಕೊಂಡು, ಪುಸ್ತಕವನ್ನು ಕಿಟಕಿಯ ಬೆಳಕಿಗೆ ಹಿಡಿದೆ. ಪದಗಳ ಪಟ್ಟಿ ನೆಟ್ಟಗಿತ್ತು. ಅರ್ಥಗಳ ಪಟ್ಟಿ ಸರಿಯಾಗಿ ಒಂದು ಸಾಲು ಕೆಳಕ್ಕೆ ಇಳಿದಿತ್ತು! ಅನ್ನ ಹಂಚುವ ಅಧಿಕಾರಿ ಮೇಲಿನ ಮನೆಯವನು, ಅವನ ಹೆಸರು ‘ಪ್ಯಾಂಟ್ಲರ್’. ಹೊಟ್ಟೆಬಾಕ ಕೆಳಗಿನವನು. ನನ್ನ ಮೈದಾ ಅಂಟು ಒಬ್ಬನ ಗೌರವವನ್ನು ಇನ್ನೊಬ್ಬನಿಗೆ ಕೊಟ್ಟಿತ್ತು. ಷಡ್ಡಕನ ಗೃಹಪ್ರವೇಶಕ್ಕೆ ಬರೆದ ಶುಭಾಶಯ ಪತ್ರದಲ್ಲಿ ಇದೇ ಪುಟದ ಮೂರು ಪದಗಳನ್ನು ಬಳಸಿದ್ದೆ. ಅವನು ಅಂದಿನಿಂದ ಯಾಕೆ ಮಾತು ಬಿಟ್ಟಿದ್ದಾನೆಂಬುದು ಈಗ ತಿಳಿಯಿತು.

ಸರೋಜ ಕಾಫಿ ಹಿಡಿದುಕೊಂಡು ನಿಂತು ಎಲ್ಲ ಕೇಳಿಸಿಕೊಂಡಳು.

“ಅಕ್ಕಿ ಕದ್ದಳು ಅಂತ ಅರ್ಜಿ ಹಾಕಿಸ್ಕೊಂಡು ನೊಂದಿದ್ದ ಹೆಂಗಸಿಗೆ, ಹೊಟ್ಟೆಬಾಕ ಅಂತ ನೂರ ಎಂಬತ್ತು ಲೋಟದ ಮೇಲೆ ಕೊರೆಸಿ ಊರಿಗೆಲ್ಲ ಹಂಚಿದೀರ” ಎಂದಳು. “ಈಗ್ಲೇ ಹೋಗಿ ದೇವೀರಮ್ಮನ ಹತ್ರ ನಿಜ ಹೇಳಿ.”

ಇದು ಸರಿಯಾದ ಸಲಹೆ. ಆದ್ದರಿಂದ ನಾನು ಪಾಲಿಸಲಿಲ್ಲ. ಅವರಿಗೆ ತಿಳಿಯುವ ಮೊದಲೇ ಗುಟ್ಟಾಗಿ ಲೋಟಗಳನ್ನೆಲ್ಲ ವಾಪಸ್ ತಂದುಬಿಟ್ಟರೆ ಯಾರಿಗೂ ನೋವಾಗದಲ್ಲ ಎಂದು ಯೋಜನೆ ಹಾಕಿದೆ. ಫ್ಲೆಕ್ಸನ್ನು ಗಾಳಿಗೆ ಬಿಚ್ಚಿಕೊಂಡಂತೆ ಮಾಡಿ ಕಳಚಿದೆ. ಮೊಪೆಡ್ಡಿಗೆ ಒಂದು ಗೋಣಿಚೀಲ ಕಟ್ಟಿಕೊಂಡು ಹೊರಟೆ.

ಮೊದಲ ಮನೆ ಲಕ್ಷ್ಮಮ್ಮನದು. ನಮ್ಮ ಬೀದಿಯ ಕೊನೆಯ ಮನೆ. “ಲಕ್ಷ್ಮಮ್ಮ, ನಿನ್ನೆ ಕೊಟ್ಟ ಲೋಟ ಸ್ವಲ್ಪ ವಾಪಸ್ ಬೇಕಿತ್ತು” ಎಂದೆ.

ಲಕ್ಷ್ಮಮ್ಮ ನನ್ನನ್ನು ಮೇಲಿಂದ ಕೆಳಗೆ ನೋಡಿದರು. “ಅರಿಸಿನ ಕುಂಕುಮದ ಜತೇಲಿ ಕೊಟ್ಟಿದ್ನ ವಾಪಸ್ ಕೇಳ್ತೀರಲ್ಲ ಮೇಸ್ಟ್ರೇ, ಉಸಾರಾಗಿದ್ದೀರಾ? ನಾನೇನೋ ಕೊಟ್ಬುಡ್ತೀನಿ. ನಮ್ಮನೆಗೆ ಆಗಬಾರದ್ದೇನಾರ ಆದ್ರೆ ನೀವ್ ಒಣೆ ಒತ್ಕತೀರಾ?”

ಈ ಕಾನೂನು ನನಗೆ ಹೊಳೆದೇ ಇರಲಿಲ್ಲ. ಗಾಬರಿಯಲ್ಲಿ ಬಾಯಿಗೆ ಬಂದದ್ದು ಹೇಳಿದೆ. “ಅದೂ… ಸ್ಟೀಲು ಅಷ್ಟು ಸರಿಯಿಲ್ಲ ಅಂತ.”

ನಾನು ಎರಡನೇ ಬೀದಿಗೆ ಹೋಗುವಷ್ಟರಲ್ಲಿ ಆ ಲೋಟದಲ್ಲಿ ಹಾಲು ಒಡೆಯುತ್ತದೆ ಎಂದು ಸುದ್ದಿಯಾಗಿತ್ತು. ಮೂರನೇ ಬೀದಿಯಲ್ಲಿ ಯಾರಿಗೋ ಹೊಟ್ಟೆನೋವು ಬಂದಿತ್ತು. ಮಧ್ಯಾಹ್ನಕ್ಕೆ ಆಶಾ ಕಾರ್ಯಕರ್ತೆ ಪುಸ್ತಕ ಹಿಡಿದುಕೊಂಡು ಮನೆಮನೆಗೆ ಹೊರಟಿದ್ದರು. ಹೆಡ್ ಮೇಷ್ಟ್ರು ಫೋನ್ ಮಾಡಿ, “ಸಾರ್, ಏನಿದು, ವಿಷದ ಲೋಟ ಅಂತಾವ್ರಲ್ಲ!” ಎಂದು ನಡುಗಿದರು. ಲೋಟದಲ್ಲಿ ವಿಷವಿಲ್ಲ ಎಂದು ಸಾಬೀತು ಮಾಡಲು ಏಳು ಮನೆಗಳ ಮುಂದೆ ನಿಂತು ಏಳು ಲೋಟ ನೀರು ಕುಡಿದೆ. ಏಳನೇ ಮನೆಯವರು ಮಜ್ಜಿಗೆ ಕೊಟ್ಟರು. ಅದನ್ನೂ ಕುಡಿದೆ. ಎಲ್ಲರೂ ನನ್ನನ್ನೇ ನೋಡುತ್ತಾ ಹತ್ತು ನಿಮಿಷ ಕಾದರು. ನಾನು ಬದುಕಿದ್ದೆ. ಕೆಲವರಿಗೆ ನಿರಾಸೆಯಾದಂತೆ ಕಂಡಿತು.

ಸಂಜೆಯ ಹೊತ್ತಿಗೆ ಸುಳ್ಳನ್ನು ಬದಲಾಯಿಸಿದೆ. “ಸ್ಟೀಲು ಚೆನ್ನಾಗೇ ಇದೆ. ಹೆಸರು ಕೊರೆದದ್ದು ಸ್ವಲ್ಪ ಸರಿಯಾಗಿಲ್ಲ. ಹೊಸದಾಗಿ ಕೊರೆಸಿ ಕೊಡ್ತೀನಿ, ಅಷ್ಟೇ.” ಇದು ಯಾರಿಗೂ ತೊಂದರೆ ಕೊಡದ ಸುಳ್ಳು ಎಂದು ನನಗೆ ನಾನೇ ಶಭಾಷ್ ಹೇಳಿಕೊಂಡೆ.

ಎರಡು ದಿನ ಅಲೆದು ಒಟ್ಟು ಹನ್ನೊಂದು ಲೋಟ ವಾಪಸ್ ಪಡೆದೆ. ಅದರಲ್ಲಿ ಒಂಬತ್ತು, ಹಂಚಿ ಉಳಿದು ನಮ್ಮ ಮನೆಯಲ್ಲೇ ಇದ್ದವು.

ಮೂರನೇ ದಿನ ಬೆಳಿಗ್ಗೆ ಬಾಗಿಲು ತೆರೆದರೆ ನಮ್ಮ ಜಗುಲಿಯಿಂದ ರಸ್ತೆಯವರೆಗೆ ಜನ. ಎಲ್ಲರ ಕೈಯಲ್ಲೂ ಪಾತ್ರೆ! ಕೊಳಗ, ತಪ್ಪಲೆ, ಹಾಲಿನ ಕ್ಯಾನು. ಮೇಷ್ಟ್ರು ಪುಕ್ಕಟೆಯಾಗಿ ಹೆಸರು ಕೊರೆಸಿ ಕೊಡುತ್ತಾರೆ ಎಂದು ಊರೆಲ್ಲ ಹಬ್ಬಿತ್ತು. ಲಕ್ಷ್ಮಮ್ಮ ಎಲ್ಲರಿಗಿಂತ ಮುಂದೆ, ಒಂದು ಇಡ್ಲಿ ಪಾತ್ರೆ ಹಿಡಿದು ನಿಂತಿದ್ದರು. ಲೋಟ ಮಾತ್ರ ತಂದಿರಲಿಲ್ಲ.

“ನಂದು ಎಸ್ರು ದಪ್ಪಗೆ ಆಕ್ಸಿ ಮೇಸ್ಟ್ರೇ. ಮದ್ವೆ ಮನೇಲಿ ಅದ್ಲುಬದ್ಲು ಆಯ್ತದೆ.”

ಸರೋಜ ಒಳಗಿಂದ ಬಂದು ನೋಡಿದಳು. ಬೈಯಲಿಲ್ಲ. ಅವಳು ಬೈಯದಿದ್ದರೆ ನನಗೆ ಹೆಚ್ಚು ಭಯ.

ಅಷ್ಟರಲ್ಲಿ ಜನ ತಾವಾಗಿಯೇ ದಾರಿ ಬಿಟ್ಟರು. ದೇವೀರಮ್ಮ ಬರುತ್ತಿದ್ದರು. ಕೈಯಲ್ಲಿ ಒಂದು ಬಟ್ಟೆ ಅಂಗಡಿಯ ಚೀಲ. ಅದನ್ನು ತಂದು ನನ್ನ ಕಾಲ ಬಳಿ ಜಗುಲಿಯ ಮೇಲಿಟ್ಟರು.

“ತಕಳಿ ಮೇಸ್ಟ್ರೇ. ಶಾಲು, ಕಟ್ಟು ಆಕ್ಸಿದ ಪತ್ರ ಎಲ್ಲ ಇದ್ರಾಗೈತೆ. ಲೋಟ ವಾಪಸ್ ಇಸ್ಕತಾವ್ರೆ ಅಂತ ಊರೆಲ್ಲ ಏಳ್ತೈತೆ. ನಮ್ಮನೆಗೆ ಬರಾಕೆ ನಿಮ್ಗೆ ಮನಸ್ ಬರ್ನಿಲ್ಲ ಅಂತ ಕಾಣ್ತದೆ. ಅದ್ಕೆ ನಾನೇ ತಂದೆ.”

“ದೇವೀರಮ್ಮ…”

“ಯಾರು ಅರ್ಜಿ ಆಕವ್ರೆ? ಅಷ್ಟು ಏಳ್ಬುಡಿ ಸಾಕು. ಇಪ್ಪತ್ತೆರಡು ವರ್ಸ ಒಂದಿಡಿ ಅಕ್ಕಿ ಸೆರಗಿಗೆ ಕಟ್ಕಂಡಿಲ್ಲ ನಾನು. ಮನೇಲಿ ಮೊಮ್ಮಕ್ಳು ಅಸ್ಕಂಡಿದ್ರೂ ಅಲ್ಲಿಂದ ಒಂದು ಸೌಟು ಸಾರು ತಂದಿಲ್ಲ. ಈಗ ಮರ್ವಾದೆ ಮಾಡಿ ಕಿತ್ಕತಾವ್ರಲ್ಲ, ಮಾಡ್ದೇ ಇದ್ದಿದ್ರೆ ಆಗ್ತಿರ್ನಿಲ್ವಾ?”

ಅವರ ದನಿ ಜೋರಾಗಿರಲಿಲ್ಲ. ಅದನ್ನೇ ನನಗೆ ತಡೆಯಲಾಗಲಿಲ್ಲ. ಅವರ ಮಾನ ಕಾಪಾಡುತ್ತೇನೆ ಎಂದು ಎರಡು ದಿನ ಮೊಪೆಡ್ಡಿನಲ್ಲಿ ಅಲೆದೆನಲ್ಲ, ನಾನು ಕಾಪಾಡುತ್ತಿದ್ದದ್ದು ನನ್ನ ಮಾನವನ್ನು.

“ಈಗಲಾದ್ರೂ ಬಾಯಿ ಬಿಡ್ರೀ” ಎಂದಳು ಸರೋಜ.

ಬಿಟ್ಟೆ. ಪುಸ್ತಕ, ಹರಿದ ಪುಟ, ಮೈದಾ ಅಂಟು, ಒಂದು ಸಾಲು ಕೆಳಗಿಳಿದ ಪಟ್ಟಿ ಎಲ್ಲವನ್ನೂ ಹೇಳಿದೆ. ಇಡ್ಲಿ ಪಾತ್ರೆ, ಕೊಳಗಗಳೆಲ್ಲ ನಿಶ್ಶಬ್ದವಾಗಿ ಕೇಳಿಸಿಕೊಂಡವು. ಕೊನೆಗೆ ಅರ್ಥವನ್ನೂ ಹೇಳಿದೆ. “ಹೊಟ್ಟೆಬಾಕ ಅಂತ, ದೇವೀರಮ್ಮ. ಎಷ್ಟು ತಿಂದ್ರೂ ಸಾಲದವನು ಅಂತ.”

ದೇವೀರಮ್ಮ ಜಗುಲಿಯ ಮೇಲೆ ಕುಳಿತರು.

“ಅಂಗಾರೆ ಯಾರೂ ಅರ್ಜಿ ಆಕಿಲ್ವಾ?”

“ಇಲ್ಲಮ್ಮ.”

“ನಾನ್ ಅಕ್ಕಿ ತಕಂಡೋದೆ ಅಂತ ಯಾರೂ ಅಂದಿಲ್ವಾ?”

“ಯಾರೂ ಅಂದಿಲ್ಲ.”

“ನಿಮ್ಗೆ ಓದಾಕೆ ಬರ್ನಿಲ್ಲ, ಅಷ್ಟೇಯಾ?”

ಊರಿನ ಅರ್ಧ ಜನರ ಮುಂದೆ, ಸಮಸ್ತ ಪಾತ್ರೆಗಳ ಸಾಕ್ಷಿಯಾಗಿ, ನಾನು ಒಪ್ಪಿಕೊಂಡೆ. “ಅಷ್ಟೇ.”

ದೇವೀರಮ್ಮನ ಭುಜ ಅಲುಗಿತು. ಅಳುತ್ತಿದ್ದಾರೆ ಎಂದುಕೊಂಡೆ. ನಗುತ್ತಿದ್ದರು! ಸೆರಗು ಬಾಯಿಗೆ ಅಡ್ಡ ಇಟ್ಟುಕೊಂಡು, ಕಣ್ಣಲ್ಲಿ ನೀರು ಬರುವಷ್ಟು ನಕ್ಕರು.

“ಒಟ್ಟೆಬಾಕ ಅಂತೆ! ಅದ್ನ ನನ್ ಎಸ್ರಿಗೆ ಯಾಕ್ ಕೊರೆಸ್ದ್ರಿ ಮೇಸ್ಟ್ರೇ? ರುಚಿ ನೋಡ್ತೀನಿ ಅಂತ ದಿನಾ ಎಲ್ಡು ತಟ್ಟೆ ಬಾರಿಸ್ದೋರ್ ಎಸ್ರಿಗೆ ಕೊರೆಸ್ಬೇಕಾಗಿತ್ತು!”

ಜಗುಲಿಯಿಂದ ರಸ್ತೆಯವರೆಗೆ ನಗು ಹರಿಯಿತು. ಹತಾಶೆಯಾದ ಮೇಲೆ ಮತ್ತೆ ಚಿಗುರುವ ಆಸೆಗೆ ಹಳೇ ಇಂಗ್ಲಿಷಿನಲ್ಲಿ ‘ರೆಸ್ಪೇರ್’ ಎಂಬ ಸುಂದರವಾದ ಪದವಿದೆ. ಅದು ನನ್ನ ನಾಲಿಗೆಯ ತುದಿಗೆ ಬಂತು. ಸರೋಜ ನನ್ನ ಕಡೆ ನೋಡಿದಳು. ನುಂಗಿಕೊಂಡೆ.

ದೇವೀರಮ್ಮ ನಗು ನಿಲ್ಲಿಸಿ ಕಣ್ಣೊರೆಸಿಕೊಂಡರು. “ನಕ್ಕೆ ಅಂತ ಬುಟ್ಬುಟ್ಟೆ ಅನ್ಕಬ್ಯಾಡಿ. ಎಲ್ಡು ದಿನದಿಂದ ಒಂದ್ ತುತ್ತು ಅನ್ನ ಇಳ್ದಿಲ್ಲ ನಂಗೆ. ಮೈಕಿನಾಗೆ ಮೂರ್ ಸಲ ಕೂಗಿದ್ರಲ್ಲ? ಅದೇ ಮೈಕಿನಾಗೆ, ಅದೇ ಜನುದ್ ಮುಂದೆ, ಇಂಗಿಂಗಾಯ್ತು ಅಂತ ಏಳ್ಬೇಕು ನೀವು. ಕನ್ನಡದಾಗೆ.”

ಶನಿವಾರ ಬೆಳಗಿನ ಶಾಲೆ ಮುಗಿದ ಮೇಲೆ ಅದೇ ವೇದಿಕೆ ಹಾಕಿದರು. ಸನ್ಮಾನಕ್ಕೆ ಬಂದವರಿಗಿಂತ ಹೆಚ್ಚು ಜನ ಬಂದರು. ಯಾರೋ ಸನ್ಮಾನ ಮಾಡಿಸಿಕೊಳ್ಳುವುದನ್ನು ನೋಡುವುದಕ್ಕಿಂತ ಮೇಷ್ಟ್ರು ತಪ್ಪು ಒಪ್ಪಿಕೊಳ್ಳುವುದನ್ನು ನೋಡುವುದು ಹೆಚ್ಚು ಸೊಗಸು ತಾನೆ! ನಾನು ನಾಲ್ಕು ಪುಟದ ಭಾಷಣ ಬರೆದುಕೊಂಡಿದ್ದೆ. ಸರೋಜ ಅದನ್ನು ಮನೆಯಲ್ಲೇ ಕಿತ್ತುಕೊಂಡು, ನಾಲ್ಕೇ ಮಾತು ಸಾಕು ಎಂದಿದ್ದಳು. ನಾಲ್ಕೇ ಮಾತಿನಲ್ಲಿ ಹೇಳಿದೆ. ತಪ್ಪು ನನ್ನದು, ಅರ್ಥ ಇದು, ದೇವೀರಮ್ಮನಷ್ಟು ನಿಯತ್ತಿನವರು ಈ ಶಾಲೆಯಲ್ಲಿ ಯಾರೂ ಇರಲಿಲ್ಲ, ನನ್ನನ್ನು ಕ್ಷಮಿಸಬೇಕು. “ಲೋಟಗಳನ್ನು ವಾಪಸ್ ಕೊಟ್ಟರೆ ಬೇರೆ ಕೊಡಿಸುತ್ತೇನೆ” ಎಂದೂ ಸೇರಿಸಿದೆ.

“ನಾನ್ ಕೊಡಾಕಿಲ್ಲ” ಎಂದರು ಲಕ್ಷ್ಮಮ್ಮ ಎದ್ದು ನಿಂತು. “ನಮ್ ಯಜಮಾನ್ರಿಗೆ ಇನ್ಮ್ಯಾಲೆ ಅದ್ರಾಗೇ ಕಾಫಿ!”

ಒಂದು ಲೋಟವೂ ವಾಪಸ್ ಬರಲಿಲ್ಲ.

ನಗು ಅಡಗಿದ ಮೇಲೆ ಹೆಡ್ ಮೇಷ್ಟ್ರು ಮೈಕ್ ಹಿಡಿದು, ಹಾಗಾದರೆ ದೇವೀರಮ್ಮನಿಗೆ ಬೇರೆ ಯಾವ ಬಿರುದು ಕೊಡೋಣ ಎಂದು ಕೇಳಿದರು. ನಾನು ಬಾಯಿ ತೆರೆಯುವಷ್ಟರಲ್ಲಿ ದೇವೀರಮ್ಮನೇ ಎದ್ದರು.

“ನಂಗೆ ಯಾವ ಬಿರ್ದೂ ಬ್ಯಾಡ. ಇಷ್ಟು ವರ್ಸ ಉಂಡ್ರಲ್ಲ, ಅಡ್ಗೆ ಚಂದಾಗಿತ್ತು ಅಂತ ಒಬ್ರಾರ ಒಂದಿನ ಬಾಯ್ಬಿಟ್ಟು ಅಂದ್ರಾ? ಈಗ ಅನ್ನಿ ನೋಡಾಣ.”

ಮೊದಲು ಎದ್ದವನು ಟ್ರ್ಯಾಕ್ಟರ್ ಓಡಿಸುವ ಮಂಜ. “ನಿಮ್ ಉಳ್ಳಿಕಾಳು ಸಾರು ತಿನ್ನಾಕೇ ನಾನು ಸ್ಕೂಲಿಗ್ ಬತ್ತಿದ್ದೆ ಕಣಮ್ಮ, ಪಾಠಕ್ಕಲ್ಲ” ಎಂದ. ಆಮೇಲೆ ಒಬ್ಬ ಹೆಣ್ಣುಮಗಳು ಎದ್ದಳು, ಮಗು ಎತ್ತಿಕೊಂಡು. ಆಮೇಲೆ ಸಾಲುಸಾಲಾಗಿ ಎದ್ದರು. ಒಬ್ಬೊಬ್ಬರದೂ ಒಂದೇ ಮಾತು, ಚೆನ್ನಾಗಿತ್ತು, ಬಹಳ ಚೆನ್ನಾಗಿತ್ತು. ದೇವೀರಮ್ಮ ಪ್ರತಿಯೊಬ್ಬರಿಗೂ ತಲೆ ಆಡಿಸುತ್ತಾ ನಿಂತಿದ್ದರು. ಕೂರಲು ಹೇಳಿದರೂ ಕೂರಲಿಲ್ಲ.

ಕೊನೆಗೆ ನನ್ನ ಸರದಿ. ರುಚಿಯ ರಿಜಿಸ್ಟರಿನಲ್ಲಿ ಅಷ್ಟು ವರ್ಷವೂ ದಿನಾ ಒಂದೇ ಪದ ಬರೆದಿದ್ದೆ, ‘ತೃಪ್ತಿಕರ’. ಎರಡು ತಟ್ಟೆ ಉಂಡು, ಕೈ ಮೂಸಿ ನೋಡಿಕೊಂಡು, ತೃಪ್ತಿಕರ! ನೂರಾರು ವರ್ಷ ಹಿಂದೆ ಸತ್ತ ಪದಗಳನ್ನು ಗುಜರಿಯಿಂದ ಎತ್ತಿ ತಂದ ನಾನು, ಬದುಕಿದ್ದ ಒಂದು ಪದವನ್ನು ಆ ತಾಯಿಗೆ ಹೇಳಿರಲಿಲ್ಲ. “ಚೆನ್ನಾಗಿತ್ತು, ದೇವೀರಮ್ಮ” ಎಂದೆ. ಮುಂದೆ ಏನೂ ಹೊರಡಲಿಲ್ಲ, ಯಾವ ಭಾಷೆಯಲ್ಲೂ.

ಇದಾಗಿ ತಿಂಗಳಲ್ಲಿ ಹೊಳೆನರಸೀಪುರದಿಂದ ದೇವೀರಮ್ಮನಿಗೆ ಮೊದಲ ಕರೆ ಬಂತು. ಅಲ್ಲಿಗೆ ಮದುವೆಯಾಗಿ ಹೋಗಿದ್ದ ನಮ್ಮ ಶಾಲೆಯ ಹುಡುಗಿಯ ಮಗುವಿನ ನಾಮಕರಣ. ಇನ್ನೂರು ಜನರ ಅಡುಗೆ. ಅತ್ತೆ ಸೊಸೆ ಹೋಗಿ ಮಾಡಿ ಬಡಿಸಿ ಬಂದರು. ಉಂಡವರಲ್ಲಿ ಇಬ್ಬರು ಅಲ್ಲಿಯೇ ತಮ್ಮ ಮನೆಯ ಕಾರ್ಯಕ್ಕೂ ದಿನ ಹೇಳಿ ಹೋದರಂತೆ.

ಹೋದ ಭಾನುವಾರ ದೇವೀರಮ್ಮ ನಮ್ಮ ಮನೆಗೆ ಬಂದರು. “ಮೇಸ್ಟ್ರೇ, ಮನೆ ಮುಂದ್ಕೆ ಒಂದು ಬೋರ್ಡ್ ಆಕ್ಬೇಕು. ಬತ್ತೀರಾ?”

ನನ್ನ ಎದೆ ಉಬ್ಬಿತು. ಇಷ್ಟೆಲ್ಲ ಆದ ಮೇಲೂ ನನ್ನ ಮೇಲೆ ವಿಶ್ವಾಸ! ಎರಡು ಪೆನ್ನು, ಒಂದು ನೋಟ್ ಪುಸ್ತಕ, ಕನ್ನಡಕ ತೆಗೆದುಕೊಂಡು, ಸರೋಜಳನ್ನೂ ಕರೆದುಕೊಂಡು ಹೊರಟೆ. ದಾರಿಯಲ್ಲೇ ಕನ್ನಡದಲ್ಲಿ ಮೂರು, ಸಂಸ್ಕೃತದಲ್ಲಿ ಎರಡು ಹೆಸರು ಹೊಂದಿಸಿಕೊಂಡೆ.

ಅವರ ಮನೆ ಮುಂದೆ ಬೋರ್ಡು ಆಗಲೇ ಸಿದ್ಧವಾಗಿ ಗೋಡೆಗೆ ಒರಗಿತ್ತು. ನೀಲಿ ಹಲಗೆ, ಬಿಳಿ ಅಕ್ಷರ. ‘ದೇವೀರಮ್ಮ. ಅಡುಗೆ ಮಾಡಿಕೊಡಲಾಗುವುದು.’ ಕೆಳಗೆ ಸೊಸೆಯ ಮೊಬೈಲ್ ನಂಬರ್.

“ಬರೆದಾಗಿದೆಯಲ್ಲ! ಮತ್ತೆ ನನ್ನನ್ನು ಯಾಕೆ ಕರೆದ್ರಿ?” ಎಂದೆ.

“ಎತ್ರ ಇದ್ದೀರಲ್ಲ, ಅದ್ಕೆ” ಎಂದರು ದೇವೀರಮ್ಮ. “ಮೊಳೆ ಒಡೆಯೋಗಂಟ ಸುಮ್ಕೆ ಇಡ್ಕಂಡು ನಿಂತ್ಕಳಿ.”

ಪೆನ್ನುಗಳನ್ನು ಸರೋಜಳ ಕೈಗೆ ಕೊಟ್ಟು, ಬೋರ್ಡನ್ನು ಬಾಗಿಲ ಮೇಲಕ್ಕೆ ಎರಡೂ ಕೈಯಲ್ಲಿ ಎತ್ತಿ ಹಿಡಿದು ನಿಂತೆ. ಸೊಸೆ ಕುರ್ಚಿ ಹತ್ತಿ ಮೊಳೆ ಹೊಡೆದಳು. ದೇವೀರಮ್ಮ ರಸ್ತೆಯ ಆಚೆ ನಿಂತು, ತಮ್ಮ ಹೆಸರನ್ನು ನೋಡುತ್ತಾ, ಎಡಕ್ಕೆ ಏರಿಸಿ, ಬಲಕ್ಕೆ ಇಳಿಸಿ ಎನ್ನುತ್ತಿದ್ದರು. ಇಪ್ಪತ್ತು ನಿಮಿಷ ನಾನು ಒಂದು ಮಾತೂ ಆಡಲಿಲ್ಲ. ನಾಲ್ಕು ಮೊಳೆಯೂ ನೆಟ್ಟಗೆ ಬಿದ್ದವು. ಭಾಷೆಗೆ ಸಂಬಂಧಿಸಿದಂತೆ ನನ್ನಿಂದ ಒಂದು ಕೆಲಸ ತಪ್ಪಿಲ್ಲದೆ ಆದದ್ದು ಅದೇ ಮೊದಲು!